ತಗ್ಗಿಸಿದ ಕಾರಿಗೆ ಟ್ರಾಲಿ ಜಾಕ್ ಬೇಕೇ? ಮೊದಲು ಕಾರನ್ನು ಅಳೆಯಿರಿ

ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿದವರಿಗೆ ರಸ್ತೆಯ ಹಂಪ್ಸ್ ಒಂದು ತಲೆನೋವು, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್ ಇನ್ನೊಂದು. ಮೂರನೆಯದು ಚಕ್ರ ಬಿಚ್ಚುವ ದಿನ ಗೊತ್ತಾಗುತ್ತದೆ. ಚಕ್ರಗಳ ಮೇಲೆ ಉರುಳಿಸಿ ಕಾರಿನಡಿ ತಳ್ಳುವ ಹೈಡ್ರಾಲಿಕ್ ಟ್ರಾಲಿ ಜಾಕ್ ಕಾರಿನ ಅಡಿಗೆ ಹೋಗುವುದೇ ಇಲ್ಲ.

ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬರುವ 2 ಟನ್‌ನ ಚಿಕ್ಕ ಟ್ರಾಲಿ ಜಾಕ್ ಪೂರ್ತಿ ಇಳಿಸಿದಾಗಲೂ ಸಾಮಾನ್ಯವಾಗಿ 130ರಿಂದ 140 ಮಿ.ಮೀ. ಎತ್ತರ ಇರುತ್ತದೆ. ಲೋ ಪ್ರೊಫೈಲ್ ಎಂದು ಮಾರುವ ಜಾಕ್‌ಗಳು 75ರಿಂದ 90 ಮಿ.ಮೀ.ವರೆಗೆ ಇಳಿಯುತ್ತವೆ. ಹಾಗಾದರೆ 75ರದ್ದು ತಂದರೆ ಆಯಿತು, ಅಲ್ವಾ? ಅಷ್ಟು ಸುಲಭವಲ್ಲ. ಪೆಟ್ಟಿಗೆಯ ಮೇಲಿನ ಆ ಸಂಖ್ಯೆ ಸ್ಯಾಡಲ್‌ನದು ಮಾತ್ರ, ಅಂದರೆ ಕಾರಿಗೆ ತಾಗುವ ದುಂಡು ತಟ್ಟೆಯ ಎತ್ತರ. ಜಾಕ್‌ನ ಉಳಿದ ಮೈ ಅದಕ್ಕಿಂತ ಎತ್ತರ ಇರುತ್ತದೆ. ಅಂಗಡಿಗೆ ಹೋಗುವ ಮೊದಲು ನಿಮ್ಮ ಕಾರಿನ ಅಳತೆ ನಿಮ್ಮ ಕೈಯಲ್ಲಿ ಇರಬೇಕು.

ಮೊದಲು ಟೇಪ್ ಹಿಡಿದು ಕೂರಿ

ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಮಾಲೀಕರ ಕೈಪಿಡಿಯಲ್ಲಿ ಜಾಕ್ ಕೊಡುವ ಜಾಗದ ಚಿತ್ರ ಇರುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದು ಬಾಗಿಲಿನ ಕೆಳಗೆ, ತಗಡುಗಳು ಸೇರಿ ವೆಲ್ಡ್ ಆಗಿರುವ ಅಂಚಿನಲ್ಲಿ, ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ ಇರುತ್ತದೆ. ನೆಲದಿಂದ ಆ ಅಂಚಿಗೆ ಎಷ್ಟು ಎಂದು ಅಳೆದು ಬರೆದುಕೊಳ್ಳಿ. ಬಾಗಿಲಿನ ಕೆಳಗೆ ಅಂದಕ್ಕೆ ಕೂರಿಸುವ ಪಟ್ಟಿ, ಅಂದರೆ ಸೈಡ್ ಸ್ಕರ್ಟ್ ಹಾಕಿಸಿದ್ದರೆ ಅದರ ಕೆಳ ಅಂಚನ್ನೂ ಅಳೆಯಿರಿ. ಜಾಕ್ ಅದರ ಅಡಿಯಿಂದ ನುಸುಳಿಯೇ ಒಳಗೆ ಹೋಗಬೇಕು.

ಇನ್ನು ಹಲವರು ಮರೆಯುವ ಲೆಕ್ಕ. ಜಾಕ್ ತುರ್ತಾಗಿ ಬೇಕಾಗುವುದು ಟೈರ್ ಪಂಕ್ಚರ್ ಆದಾಗ. ಗಾಳಿ ಹೋದ ಟೈರ್ ಕುಸಿದು ಆ ಮೂಲೆ ಇನ್ನಷ್ಟು ಕೆಳಗೆ ಕೂರುತ್ತದೆ. 195/55 ಆರ್15 ಟೈರ್‌ನ ಸೈಡ್‌ವಾಲ್ (ರಿಮ್‌ನಿಂದ ನೆಲದವರೆಗಿನ ಟೈರ್‌ನ ಪಕ್ಕದ ಗೋಡೆ) ಸುಮಾರು 107 ಮಿ.ಮೀ. ಅದರಲ್ಲಿ ಅರ್ಧದಷ್ಟು ಕುಸಿದರೂ ಕಾರು 50 ಮಿ.ಮೀ. ಇಳಿಯುತ್ತದೆ. ನಿಮ್ಮ ಅಂಚು ನೆಲದಿಂದ 145 ಮಿ.ಮೀ. ಇದೆ ಎಂದುಕೊಳ್ಳಿ. ಪಂಕ್ಚರ್ ಆದರೆ 95. ಸ್ಯಾಡಲ್ ಮೇಲೆ ರಬ್ಬರ್ ಪ್ಯಾಡ್ ಇಟ್ಟರೆ ಅದಕ್ಕೆ 20 ಹೋಯಿತು. ಉಳಿದದ್ದು 75. ಮೊದಲು ತುಂಬ ಜಾಗ ಇದೆ ಅನ್ನಿಸಿದ ಕಾರು ಈಗ ಲೋ ಪ್ರೊಫೈಲ್ ಜಾಕ್‌ಗೂ ಕಷ್ಟದಲ್ಲಿ ಜಾಗ ಕೊಡುತ್ತದೆ. ಮನೆಯಲ್ಲಿ ಟೈರ್ ಇನ್‌ಫ್ಲೇಟರ್ ಇದ್ದರೆ ನಿಂತಲ್ಲೇ ಒಂದು ಟೈರ್‌ನ ಗಾಳಿ ತೆಗೆದು ಅಳೆದು, ಮತ್ತೆ ತುಂಬಿಸಿ. ಅಂದಾಜಿಗಿಂತ ಅದು ಎಷ್ಟೋ ವಾಸಿ. ಗಾಳಿ ಇಲ್ಲದಾಗ ಕಾರನ್ನು ಮಾತ್ರ ಅಲುಗಿಸಬೇಡಿ.

ಮುಂದಿನಿಂದ ಎತ್ತುತ್ತೀರಾ, ಪಕ್ಕದಿಂದಲೋ?

ಚಕ್ರ ಬದಲಿಸುವುದಷ್ಟೇ ಕೆಲಸ ಎಂದರೆ ಪಕ್ಕದಿಂದ ಎತ್ತಿದರೆ ಸಾಕು, ಉದ್ದ ಕಡಿಮೆಯ ಲೋ ಪ್ರೊಫೈಲ್ ಜಾಕ್ ಸಾಕು. ಆಯಿಲ್ ಬದಲಾವಣೆ, ಬ್ರೇಕ್, ಸಸ್ಪೆನ್ಷನ್ ಕೆಲಸ ನೀವೇ ಮಾಡುವವರಾದರೆ ಮುಂಭಾಗವನ್ನು ನಡುವಿನಿಂದ ಎತ್ತಲು ಮನಸ್ಸಾಗುತ್ತದೆ. ಕೈಪಿಡಿ ಅದಕ್ಕೆ ಒಪ್ಪಿದರೆ ಮಾತ್ರ ಮಾಡಿ. ಆ ಜಾಗ ಬಂಪರ್‌ನಿಂದ ಸಾಕಷ್ಟು ಒಳಗೆ, ಎಂಜಿನ್ ಕೆಳಗಿನ ಅಡ್ಡ ತೊಲೆ, ಅಂದರೆ ಕ್ರಾಸ್ ಮೆಂಬರ್‌ನಲ್ಲಿ ಇರುತ್ತದೆ. ಬಂಪರ್ ಅಂಚಿನಿಂದ ಅಲ್ಲಿಗೆ ಎಷ್ಟು ದೂರ, ಬಂಪರ್‌ನ ಕೆಳ ಅಂಚು ನೆಲದಿಂದ ಎಷ್ಟು ಎತ್ತರ, ಎರಡನ್ನೂ ಅಳೆಯಿರಿ.

ಲೋ ಪ್ರೊಫೈಲ್ ಜಾಕ್ ಕೊಂಡವರು ನಿರಾಶರಾಗುವುದು ಹೆಚ್ಚಾಗಿ ಇಲ್ಲೇ. ಸ್ಯಾಡಲ್ ಸಲೀಸಾಗಿ ಒಳಗೆ ಹೋಗುತ್ತದೆ. ಹೈಡ್ರಾಲಿಕ್ ಪಂಪ್ ಇರುವ ಹಿಂಭಾಗ ಮಾತ್ರ ಬಂಪರ್‌ಗೆ ತಾಗಿ ನಿಲ್ಲುತ್ತದೆ. ಜಾಕ್ ಒಳಗೆ ಹೋದರೂ ಹ್ಯಾಂಡಲ್ ಮೇಲೆತ್ತಲು ಜಾಗ ಇರುವುದಿಲ್ಲ. ಅಂಗುಲ ಅಂಗುಲ ಪಂಪ್ ಮಾಡುತ್ತಾ ಕೂರಬೇಕು, ಇಲ್ಲವೇ ಬಂಪರ್ ಬಣ್ಣ ಕಳೆದುಕೊಳ್ಳಬೇಕು. ಹಾಗಾಗಿ ಜಾಕ್ ನೋಡುವಾಗ ಸ್ಯಾಡಲ್‌ನಿಂದ ಹಿಂದಕ್ಕೆ ಅದರ ಮೈ ಎಷ್ಟು ದೂರ ತಗ್ಗಾಗಿಯೇ ಇದೆ ಎಂದು ನೋಡಿ. ಉದ್ದ ಚಾಸಿಸ್‌ನ ಜಾಕ್‌ಗೆ ದುಡ್ಡು ಜಾಸ್ತಿ, ತೂಕವೂ ಜಾಸ್ತಿ. ಆದರೆ ಮುಂದಿನಿಂದ ಎತ್ತುವವರಿಗೆ ಅದೇ ಸರಿ.

ಎಷ್ಟು ಎತ್ತರಕ್ಕೆ ಹೋಗಬೇಕು?

ಕಾರು ತಗ್ಗಿದೆ, ಸ್ವಲ್ಪ ಎತ್ತಿದರೆ ಸಾಕು ಎಂದು ಅನ್ನಿಸುವುದು ಸಹಜ. ವಿಷಯ ಹಾಗಿಲ್ಲ. ಸ್ಪ್ರಿಂಗ್ ಮಾತ್ರ ಬದಲಿಸಿ ಕಂಪನಿಯ ಶಾಕ್ ಅಬ್ಸಾರ್ಬರ್ ಉಳಿಸಿಕೊಂಡಿದ್ದರೆ, ಅದು ಪೂರ್ತಿ ಚಾಚಿಕೊಳ್ಳುವ ಉದ್ದ ಬದಲಾಗಿಲ್ಲ. ಅಂದರೆ ಚಕ್ರ ನೆಲ ಬಿಡಲು ಕಾರಿನ ಮೈ ಮೊದಲಿನಷ್ಟೇ ಎತ್ತರಕ್ಕೆ ಹೋಗಬೇಕು. ಶುರುವಾಗುವುದು ಮಾತ್ರ ಇನ್ನೂ ಕೆಳಗಿನಿಂದ. ಸ್ಪ್ರಿಂಗ್ ಮತ್ತು ಶಾಕ್ ಒಂದೇ ಜೋಡಣೆಯಾಗಿ ಬರುವ, ಚಿಕ್ಕ ಶಾಕ್ ಇರುವ ಕಾಯಿಲ್‌ಓವರ್ ಹಾಕಿಸಿದ್ದರೆ ಚಕ್ರ ಬೇಗ ಮೇಲೇಳುತ್ತದೆ.

ಇದರ ಜೊತೆ ಎತ್ತಿದ ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್‌ನ ಲೆಕ್ಕ. ಸಾಧಾರಣ 2 ಟನ್ ಜಾಕ್ ಸ್ಟ್ಯಾಂಡ್‌ನ ಕನಿಷ್ಠ ಎತ್ತರವೇ 270 ಮಿ.ಮೀ. ಆಸುಪಾಸು. ಅದನ್ನು ಒಳಗೆ ಸರಿಸಲು ಕಾರಿನ ಅಂಚು 300ರಾಚೆ ಹೋಗಬೇಕು. ಚಿಕ್ಕ ಜಾಕ್‌ಗಳು 330ರ ಹತ್ತಿರ ಮುಗಿದುಬಿಡುತ್ತವೆ, ಕೆಲಸ ಕೂದಲೆಳೆಯಲ್ಲಿ ಆಗುತ್ತದೆ. ಕಾರಿನ ಅಡಿ ಕೆಲಸ ಮಾಡುವವರು 450ರಿಂದ 500 ಮಿ.ಮೀ. ಎತ್ತುವ ಜಾಕ್ ನೋಡುವುದು ಒಳ್ಳೆಯದು.

ಟನ್, ತೂಕ, ಲೋಹ

ಟನ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಹ್ಯಾಚ್‌ಬ್ಯಾಕ್ ಮತ್ತು ಸಾಮಾನ್ಯ ಸೆಡಾನ್‌ಗಳ ತೂಕ ಸುಮಾರು ಮುಕ್ಕಾಲು ಟನ್‌ನಿಂದ 1.4 ಟನ್. ಜಾಕ್ ಹೊರುವುದು ಅದರ ಒಂದು ಮೂಲೆ ಅಥವಾ ಒಂದು ತುದಿಯನ್ನು. 2 ಟನ್ ಧಾರಾಳ ಸಾಕು. ಸುಮ್ನೆ ಇರಲಿ ಎಂದು 3 ಟನ್‌ನ ಉಕ್ಕಿನ ಉದ್ದ ಜಾಕ್ ತಂದರೆ ಅದು 30 ಕೆ.ಜಿ. ದಾಟುತ್ತದೆ. ಮೂರನೇ ಮಹಡಿಯಿಂದ ಪಾರ್ಕಿಂಗ್‌ಗೆ ಹೊತ್ತು ತರುವವರು ಇದನ್ನು ಯೋಚಿಸಲೇಬೇಕು. ಅಲ್ಯೂಮಿನಿಯಂ ಜಾಕ್ ಹಗುರ, ಬೆಲೆ ಜಾಸ್ತಿ. ಒಂದೇ ಕಡೆ ಇಟ್ಟು ಬಳಸುವುದಾದರೆ ಉಕ್ಕಿನದೇ ಇರಲಿ ಎಂಬುದು ನನ್ನ ಅಭಿಪ್ರಾಯ. ಉಳಿದ ದುಡ್ಡಿನಲ್ಲಿ ಒಳ್ಳೆಯ ಸ್ಟ್ಯಾಂಡ್ ಬರುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು

ಬೆಂಗಳೂರಿನವರು ಜೆ.ಸಿ. ರಸ್ತೆಯಲ್ಲೋ ಎಸ್.ಪಿ. ರಸ್ತೆಯಲ್ಲೋ ಜಾಕ್ ಮುಟ್ಟಿ ನೋಡಬಹುದು. ಟೇಪ್ ಜೊತೆಗಿರಲಿ. ರಬ್ಬರ್ ಪ್ಯಾಡ್ ಸಮೇತ ಸ್ಯಾಡಲ್ ಎತ್ತರ ಅಳೆಯಿರಿ. ಪ್ಯಾಡ್‌ನಲ್ಲಿ ಸೀಳು ಇದ್ದರೆ ವೆಲ್ಡ್ ಅಂಚು ಅದರೊಳಗೆ ಕೂರುತ್ತದೆ, ಮಡಚಿಕೊಳ್ಳುವುದಿಲ್ಲ. ಹ್ಯಾಂಡಲ್ ತಿರುಗಿಸಿ ಇಳಿಸಿ ನೋಡಿ. ವಾಲ್ವ್ ನಿಧಾನಕ್ಕೆ ಬಿಟ್ಟುಕೊಡಬೇಕು. ಧಡಕ್ಕನೆ ಇಳಿಯುವ ಜಾಕ್ ತಗ್ಗಿದ ಕಾರಿಗೆ ಬೇಡ. ಪಂಪ್ ಸುತ್ತ ಎಣ್ಣೆ ಒಸರಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಮಿತಿ ಮೀರಿದ ಭಾರ ತಡೆಯುವ ಓವರ್‌ಲೋಡ್ ವಾಲ್ವ್ ಇದೆಯೇ ಎಂದು ಕೇಳಿ. ಯುರೋಪಿನ ಇಎನ್ 1494 ಮಾನದಂಡದ ಉಲ್ಲೇಖ ಲೇಬಲ್‌ನಲ್ಲಿ ಇದ್ದರೆ ಒಳ್ಳೆಯದು.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಪಕ್ಕದಿಂದ ತೆಗೆದ ಫೋಟೋ ಹುಡುಕಿ. ಮೈ ಎಲ್ಲಿಂದ ಉಬ್ಬುತ್ತದೆ ಎಂಬುದು ಅದರಲ್ಲಿ ಮಾತ್ರ ಕಾಣುತ್ತದೆ.

ಜಾಕ್ ಮೇಲೆ ನಿಂತ ಕಾರಿನ ಅಡಿ ಹೋಗಬೇಡಿ

ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಜಾಕ್ ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕೆ ಅಲ್ಲ. ಒಳಗಿನ ಒಂದು ರಬ್ಬರ್ ಸೀಲ್ ಸೋತರೆ ಕಾರು ಕೆಳಗಿಳಿಯುತ್ತದೆ. ಮೊದಲೇ ತಗ್ಗಿದ ಕಾರಿನ ಅಡಿ ಮನುಷ್ಯನಿಗೆ ಉಳಿಯುವ ಜಾಗ ಎಷ್ಟು ಎಂದು ನೀವೇ ಅಳೆದಿದ್ದೀರಿ. ಸ್ಟ್ಯಾಂಡ್ ಕೊಟ್ಟೇ ಕೆಳಗೆ ಹೋಗಿ. ಅಡ್ಡ ಪಿನ್ ಹಾಕುವ ಸ್ಟ್ಯಾಂಡ್ ನನಗೆ ಇಷ್ಟ. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಕಂಪನಿ ತನ್ನ ಪಿಟ್ಸ್‌ಬರ್ಗ್ ಹೆಸರಿನ 3 ಮತ್ತು 6 ಟನ್ ಸ್ಟ್ಯಾಂಡ್‌ಗಳನ್ನು ಭಾರಿ ಸಂಖ್ಯೆಯಲ್ಲಿ ವಾಪಸ್ ಕರೆಸಿತು. ಎತ್ತರವನ್ನು ಹಿಡಿದು ನಿಲ್ಲಿಸುವ ಹಲ್ಲು ಸರಿಯಾಗಿ ಕಚ್ಚಿಕೊಳ್ಳದೆ ಸ್ಟ್ಯಾಂಡ್ ಕುಸಿಯುವ ಅಪಾಯ ಇತ್ತು. ಪಿನ್ ಇದ್ದರೆ ಹಲ್ಲಿನ ಮೇಲೊಂದೇ ಭಾರ ಬೀಳುವುದಿಲ್ಲ.

ನೆಲವೂ ಮುಖ್ಯ. ಸ್ಯಾಡಲ್ ನೇರ ಮೇಲೇಳುವುದಿಲ್ಲ, ಕಮಾನಿನಂತೆ ಏಳುತ್ತದೆ. ಅದಕ್ಕೆ ಹೊಂದಿಕೊಂಡು ಜಾಕ್ ತನ್ನ ಚಕ್ರಗಳ ಮೇಲೆ ಸ್ವಲ್ಪ ಉರುಳಬೇಕು. ಮಣ್ಣು, ಜಲ್ಲಿ, ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಚಕ್ರ ಹೂತುಕೊಂಡು ಸ್ಯಾಡಲ್ ಜಾರುತ್ತದೆ. ಗಟ್ಟಿ ಕಾಂಕ್ರೀಟ್ ನೆಲ ಒಳ್ಳೆಯದು. ನೆಲದಲ್ಲೇ ಇರುವ ಚಕ್ರಗಳಿಗೆ ಅಡ್ಡ ಕೊಡಿ. ಹಿಂಭಾಗ ಎತ್ತುವಾಗ ಹ್ಯಾಂಡ್‌ಬ್ರೇಕ್ ನಂಬಬೇಡಿ, ಹೆಚ್ಚಿನ ಕಾರುಗಳಲ್ಲಿ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನೇ.

ಇಷ್ಟಾದರೂ ಜಾಕ್ ಕೆಲವು ಮಿ.ಮೀ.ಗೆ ಸಿಕ್ಕಿಹಾಕಿಕೊಂಡರೆ ದಪ್ಪ ಮರದ ಹಲಗೆಗಳಿವೆ. ಒಂದೂವರೆ ಅಂಗುಲ ದಪ್ಪದ, ಅಗಲವಾದ ಹಲಗೆಗಳ ಮೇಲೆ ಚಕ್ರ ಹತ್ತಿಸಿದರೆ 38 ಮಿ.ಮೀ. ಸಿಗುತ್ತದೆ. ಮನೆಯಲ್ಲಿ ಈಗಾಗಲೇ ಒಳ್ಳೆಯ ಜಾಕ್ ಇದ್ದವರು ಹೊಸದಕ್ಕೆ ಹಣ ಹಾಕುವ ಮೊದಲು ಇದನ್ನು ಮಾಡಿ ನೋಡಲಿ.

ಹೊಸ ಜಾಕ್ ಬಂದ ದಿನ ವಾಲ್ವ್ ಸಡಿಲಿಸಿ ಹತ್ತಾರು ಸಲ ಪಂಪ್ ಮಾಡಿ, ಒಳಗಿನ ಗಾಳಿ ಹೋಗುತ್ತದೆ. ಆಮೇಲೆ ಕಾರಿನ ಒಂದು ಮೂಲೆ ಎತ್ತಿ, ಪಕ್ಕದಲ್ಲಿ ಸ್ಟ್ಯಾಂಡ್ ಇಟ್ಟು, ಎತ್ತರ ಗುರುತು ಮಾಡಿ ಅರ್ಧ ಗಂಟೆ ಬಿಡಿ. ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಬಿಲ್ ಹಿಡಿದು ಅಂಗಡಿಗೆ ವಾಪಸ್ ಕೊಡಿ. ಮುಂದೆ ಎಣ್ಣೆ ಹಾಕುವಾಗ ಹೈಡ್ರಾಲಿಕ್ ಜಾಕ್ ಆಯಿಲ್ ಮಾತ್ರ ಹಾಕಿ. ಬ್ರೇಕ್ ಫ್ಲೂಯಿಡ್ ಸುರಿದರೆ ಸೀಲ್ ಊದಿಕೊಂಡು ಜಾಕ್ ಕೆಟ್ಟುಹೋಗುತ್ತದೆ.