ಸಂಪಾಜೆ ಘಾಟಿಗೆ ಅವಲಕ್ಕಿ ಉಂಡೆ: ದೂರದ ಸೈಕಲ್ ಸವಾರಿಯ ಬುತ್ತಿ

ಕಾಸರಗೋಡಿನ ಮುಳ್ಳೇರಿಯದಿಂದ ಹೊರಟು ಆದೂರು, ಜಾಲ್ಸೂರು, ಸುಳ್ಯ ದಾಟಿ, ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಸೇರುವುದು ನನಗೆ ಅತ್ಯಂತ ಪ್ರಿಯವಾದ ಸೈಕಲ್ ದಾರಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ; ಅಷ್ಟು ಎತ್ತರದ ಬಹುಪಾಲನ್ನು ಸಂಪಾಜೆಯ ನಂತರವೇ ಏರಬೇಕಾಗುತ್ತದೆ. ಸ್ನಾಯುಗಳಲ್ಲಿಯೂ ಪಿತ್ತಜನಕಾಂಗದಲ್ಲಿಯೂ ಶೇಖರವಾಗಿರುವ ಗ್ಲೈಕೋಜನ್ (ದೇಹ ಕೂಡಿಟ್ಟುಕೊಂಡ ಸಕ್ಕರೆ) ಬಿರುಸಾಗಿ ತುಳಿದರೆ ಎರಡು ಗಂಟೆಗಳ ಆಸುಪಾಸಿನಲ್ಲಿ ಬಹುಮಟ್ಟಿಗೆ ಕರಗಿಹೋಗುವುದರಿಂದ, ಘಾಟಿಯ ಬುಡ ತಲಪುವ ಮೊದಲೇ ತಿನ್ನಲು ಆರಂಭಿಸಿರಬೇಕು. ಹಸಿವಾದ ಮೇಲೆ ತಿಂದರೆ ಆ ಏರಿಗೆ ಅದು ಒದಗುವುದಿಲ್ಲ.

ಸವಾರರು ಶಕ್ತಿಗಾಗಿ ತಿನ್ನುವ ಅಂಗಡಿಯ ಸಿಹಿ ಜೆಲ್‌ಗಳನ್ನು ಬಿಟ್ಟು ಮನೆಯ ಬುತ್ತಿಯನ್ನೇ ನಾನು ನೆಚ್ಚಿಕೊಂಡಿದ್ದೇನೆ. ಆದರೆ ನಮ್ಮ ತಿಂಡಿಗಳನ್ನು ಇದ್ದಂತೆಯೇ ಜೇಬಿಗೆ ಹಾಕಿಕೊಂಡರೆ ಪ್ರಯೋಜನವಿಲ್ಲ. ಸವಾರಿಗೆ ತಕ್ಕಂತೆ ಅವುಗಳನ್ನು ಬದಲಾಯಿಸಿಕೊಳ್ಳಬೇಕು. ಮೊದಲು ಕಡಿಮೆ ಮಾಡಬೇಕಾದದ್ದು ತೆಂಗಿನಕಾಯಿಯನ್ನು. ಕಾಸರಗೋಡಿನವರಿಗೆ ಈ ಮಾತು ರುಚಿಸಲಿಕ್ಕಿಲ್ಲ. ಆದರೂ ಹಸಿ ಕಾಯಿತುರಿ ಸೇರಿಸಿದ ಉಂಡೆ ಇಲ್ಲಿನ ಸೆಕೆಗೆ ಮಧ್ಯಾಹ್ನದೊಳಗೆ ಹಳಸುತ್ತದೆ; ಅದರ ಕೊಬ್ಬಿನಂಶದಿಂದಾಗಿ ಆಹಾರ ಹೊಟ್ಟೆಯಲ್ಲೇ ತಡೆದು ನಿಂತು, ಏರು ತುಳಿಯುವಾಗ ಓಕರಿಕೆ ಬರಿಸುತ್ತದೆ. ತುಪ್ಪವನ್ನೂ ಇದೇ ಕಾರಣಕ್ಕೆ ಕೈಗೆ ಸವರಿಕೊಳ್ಳುವಷ್ಟಕ್ಕೆ ಮಾತ್ರ ಬಳಸುತ್ತೇನೆ. ಜಗಿಯುವ ಕಷ್ಟವನ್ನೂ ಗಮನಿಸಬೇಕು. ಸಾಂತಾಣಿ ನನಗೆ ಬಹಳ ಇಷ್ಟವಾದರೂ ಏದುಸಿರು ಬಿಡುತ್ತಾ ಒಣಗಿದ ಹಲಸಿನ ಬೇಳೆಯನ್ನು ಅಗಿಯಲು ಸಾಧ್ಯವಿಲ್ಲ. ನೇಂದ್ರ ಬಾಳೆಯ ಚಿಪ್ಸ್ ಬಾಯಿಯನ್ನು ಒಣಗಿಸುತ್ತದೆ.

ನನ್ನ ಮುಖ್ಯ ಬುತ್ತಿ ಅವಲಕ್ಕಿ ಉಂಡೆ. 200 ಗ್ರಾಂ ತೆಳು ಅವಲಕ್ಕಿಯನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಹುರಿದು ತರಿತರಿಯಾಗಿ ಪುಡಿ ಮಾಡಿಕೊಂಡು, ಬೀಜ ತೆಗೆದು ಸಣ್ಣಗೆ ಹೆಚ್ಚಿದ 100 ಗ್ರಾಂ ಖರ್ಜೂರ, ಎರಡು ಚಮಚ ಹುರಿದ ಎಳ್ಳು, ಅರ್ಧ ಚಮಚ ಉಪ್ಪು ಮತ್ತು ಏಲಕ್ಕಿಪುಡಿ ಬೆರೆಸುತ್ತೇನೆ. ಇಷ್ಟಕ್ಕೆ 200 ಗ್ರಾಂ ಬೆಲ್ಲ ಬೇಕು. ಪಾಕದ ಹದ ನೋಡಲು ನನಗೆ ಕಲಿಸಿದವರು ಅಮ್ಮ. ಬಟ್ಟಲಿನ ತಣ್ಣೀರಿಗೆ ಒಂದು ತೊಟ್ಟು ಪಾಕ ಬಿಟ್ಟರೆ ಅದು ಕರಗಿ ಹರಡಬಾರದು. ಬೆರಳಿನಿಂದ ಒತ್ತರಿಸಿದಾಗ ಮೆತ್ತಗಿನ ಉಂಡೆಯಾಗಿ ಒಗ್ಗೂಡಬೇಕು, ಆದರೆ ಬಟ್ಟಲಿಗೆ ತಾಗಿಸಿದಾಗ ಟಣ್ಣೆಂದು ಸದ್ದಾಗಬಾರದು. ಸದ್ದಾಗುವ ಪಾಕ ಚಿಕ್ಕಿಗೆ ಸರಿ, ಸವಾರಿಗಲ್ಲ. ಮೆತ್ತಗಿನ ಹದದಲ್ಲಿ ಒಲೆಯಿಂದ ಇಳಿಸಿ, ಪುಡಿಗೆ ಸುರಿದು ಕಲಸಿ, ಬಿಸಿ ಆರುವ ಮುನ್ನ ಇಪ್ಪತ್ತು ಉಂಡೆ ಕಟ್ಟಬೇಕು.

ಒಂದೊಂದು ಉಂಡೆಯಲ್ಲಿ ಸುಮಾರು 20 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆಂಬುದು ನನ್ನ ಲೆಕ್ಕ. ದೀರ್ಘ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಬೇಕೆಂದು ಕ್ರೀಡಾ ಪೋಷಣೆಯ ತಜ್ಞರು ಹೇಳುತ್ತಾರೆ. ಎರಡೂವರೆ ಗಂಟೆ ಮೀರಿದಾಗ, ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎರಡೂ ಇದ್ದರೆ, 90 ಗ್ರಾಂವರೆಗೂ ಹೋಗಬಹುದು. ಕರುಳು ಇವೆರಡನ್ನೂ ಬೇರೆ ಬೇರೆ ಮಾರ್ಗಗಳಿಂದ ಹೀರಿಕೊಳ್ಳುವುದೇ ಇದಕ್ಕೆ ಕಾರಣ. ಬೆಲ್ಲದ ಬಹುಭಾಗವಾದ ಸುಕ್ರೋಸ್‌ನಲ್ಲಿ ಈ ಎರಡೂ ಸಮಸಮವಾಗಿರುತ್ತವೆ. ಅವಲಕ್ಕಿಯ ಪಿಷ್ಟ ಗ್ಲೂಕೋಸ್ ಆಗುತ್ತದೆ. ಹೀಗೆ ನೋಡಿದರೆ ಅವಲಕ್ಕಿ-ಬೆಲ್ಲದ ಜೋಡಿ ಈ ಕೆಲಸಕ್ಕೆ ಬಹಳ ಯೋಗ್ಯವಾದದ್ದು. ಅರ್ಧ ಗಂಟೆಗೊಂದು ಉಂಡೆ ತಿಂದು, ಉಳಿದದ್ದನ್ನು ಪುನರ್ಪುಳಿ (ಕೋಕಂ) ಶರಬತ್ತಿನಿಂದ ತುಂಬಿಸಿಕೊಳ್ಳುತ್ತೇನೆ. ಅರ್ಧ ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಸಕ್ಕರೆ, ಕಾಲು ಚಮಚ ಉಪ್ಪು ಹಾಕಿದರೆ ಬೆವರಿನೊಂದಿಗೆ ಹೋಗುವ ಸೋಡಿಯಂ ಕೂಡ ಒಂದಷ್ಟು ಮರಳುತ್ತದೆ.

ಉಂಡೆಗಳನ್ನು ಬಾಡಿಸಿದ ಬಾಳೆಲೆಯಲ್ಲಿ ಸುತ್ತುತ್ತೇನೆ. ಎಲೆಯನ್ನು ಒಲೆಯ ಮೇಲೆ ಆಡಿಸುವಾಗ ಅದರ ತಿಳಿಹಸಿರು ಕಡುವಾಗಿ ಹೊಳಪೇರುತ್ತದೆ. ಅಷ್ಟಾದರೆ ಮಡಿಸಿದಲ್ಲಿ ಸೀಳುವುದಿಲ್ಲ. ಒದ್ದೆಯನ್ನು ಒರಸಿ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ, ನಾರು ಕಟ್ಟದೆ ಬಿಟ್ಟರೆ ಒಂದು ಕೈ ಹ್ಯಾಂಡಲಿನ ಮೇಲಿರುವಾಗಲೇ ಇನ್ನೊಂದು ಕೈಯ ಹೆಬ್ಬೆರಳಿನಿಂದ ಬಿಡಿಸಬಹುದು. ಪ್ಲಾಸ್ಟಿಕ್ ಹಾಳೆಯನ್ನು ಹಲ್ಲಿನಿಂದ ಹರಿಯುವ ಪ್ರಮೇಯವೇ ಬರುವುದಿಲ್ಲ.

ಗಂಟೆಗಟ್ಟಲೆ ಸಿಹಿಯನ್ನೇ ತಿಂದರೆ ನಾಲಿಗೆ ಬೇಡವೆನ್ನುತ್ತದೆ. ಅದಕ್ಕೆಂದು ಕೊಟ್ಟಿಗೆಯೆಂಬ ಕಡುಬನ್ನು ಒಯ್ಯುತ್ತೇನೆ. ಕಾಯಿ ಹಾಕದ ಅಕ್ಕಿಹಿಟ್ಟಿಗೆ ಉಪ್ಪು, ಜೀರಿಗೆ, ಶುಂಠಿ ಸೇರಿಸಿ ಬಾಳೆಲೆಯಲ್ಲಿ ತೆಳುವಾಗಿ ಬೇಯಿಸಿ, ಆರಿದ ಮೇಲೆ ಎರಡು ಬೆರಳಗಲದ ತುಂಡುಗಳಾಗಿ ಕತ್ತರಿಸಬೇಕು. ಇದು ಬೇಗ ಕೆಡುವುದರಿಂದ ಸುಳ್ಯ ದಾಟುವುದರೊಳಗೆ ಮುಗಿಸುತ್ತೇನೆ. ಹಿಂದಿರುಗುವ ದಾರಿಗೆ ಕಾಟುಮಾವಿನ ಮಾಂಬಳದ (ಕಾಡುಮಾವಿನ ರಸವನ್ನು ಒಣಗಿಸಿದ ಹಾಳೆ) ಪಟ್ಟಿಗಳಿವೆ. ಬೇಸಗೆಯಲ್ಲಿ ಚೆನ್ನಾಗಿ ಒಣಗಿಸಿಟ್ಟಿದ್ದರೆ ಅದರ ಹುಳಿ-ಸಿಹಿ ದಣಿದ ಬಾಯಿಗೆ ಹಿತವಾಗಿರುತ್ತದೆ, ಕೆಡುವ ಭಯವೂ ಇಲ್ಲ.

ಮಳೆಗಾಲದಲ್ಲಿ ಬೆಲ್ಲ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಉಂಡೆ ಮರುದಿನವೇ ಅಂಟಂಟಾಗುತ್ತದೆ. ಆಗ ಖರ್ಜೂರವನ್ನು ಅರ್ಧಕ್ಕಿಳಿಸಿ, ಅವಲಕ್ಕಿಯನ್ನು ಒಂದು ಹಿಡಿ ಹೆಚ್ಚಿಸಿ, ಕಟ್ಟಿದ ಉಂಡೆಗಳನ್ನು ಹುರಿದ ಅಕ್ಕಿಹಿಟ್ಟಿನಲ್ಲಿ ಹೊರಳಿಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಇಡುತ್ತೇನೆ. ಎಲೆ ಸುತ್ತುವುದು ಹೊರಡುವ ದಿನ ಬೆಳಗ್ಗೆ ಮಾತ್ರ.