ಕರುವಿಗೆ ಹುಲಿ ಕಂಡದ್ದು ಹೇಗೆ?

ಚಿತ್ರದುರ್ಗದ ಸಮೀಪದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಗೊತ್ತಿರುವ ಕಥೆಯನ್ನು ಅದರೊಳಗಿನ ಒಬ್ಬರ ಬಾಯಿಂದ ಪದ್ಯವಾಗಿ ಹೇಳಿಸುವುದು ನನಗೆ ಬಹಳ ಇಷ್ಟದ ಪಾಠ. ದೃಷ್ಟಿಕೋನ ಎಂದರೇನು ಎಂಬ ವ್ಯಾಖ್ಯೆಯಿಂದ ಶುರು ಮಾಡುವುದಿಲ್ಲ. ಮಾಡಿದರೆ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಅಷ್ಟೇ. ನಾನು ಕೇಳುವುದು ಒಂದೇ ಪ್ರಶ್ನೆ: ಇದು ಇವರಿಗೆ ಹೇಗೆ ಗೊತ್ತು?

ಮೊದಲಿಗೆ ಪುಣ್ಯಕೋಟಿಯ ಹಾಡನ್ನು ಎತ್ತಿಕೊಳ್ಳುತ್ತೇನೆ. ಮೂರು ಮಾತ್ರೆ, ನಾಲ್ಕು ಮಾತ್ರೆಯಾಗಿ ಸಾಗುವ ಅದರ ನಡೆ ಚಪ್ಪಾಳೆಗೆ ಸಿಕ್ಕರೆ ಸಾಕು, ಲಘು-ಗುರುವಿನ ಲೆಕ್ಕ ಹೈಸ್ಕೂಲಿಗೆ ಇರಲಿ. ಮೂರನೇ ತರಗತಿಯವರೆಗೆ ನಲಿ-ಕಲಿಯಲ್ಲಿ ಹಾಡಿ ಕುಣಿದು ಬಂದ ಮಕ್ಕಳಿಗೆ ತಾಳ ಆಗಲೇ ಕೈಯಲ್ಲಿರುತ್ತದೆ. ಪ್ರಾಸಕ್ಕೆ ಒತ್ತಾಯಿಸುವುದಿಲ್ಲ. ಪ್ರಾಸದ ಬೆನ್ನು ಹತ್ತಿದ ಮಗು ಹುಲಿಯ ಜೊತೆಗೆ ಇಲಿಯನ್ನೂ ತಂದು ಕೂರಿಸುತ್ತದೆ, ಕಥೆ ದಾರಿ ತಪ್ಪುತ್ತದೆ.

ಹಾಡು ಮುಗಿದ ಮೇಲೆ ಹಸು, ಕರು, ಗೊಲ್ಲ ಎಂದು ಪಾತ್ರಗಳನ್ನು ಹಂಚುತ್ತೇನೆ. ಕರುವಾದ ಹುಡುಗನೊಬ್ಬ, ಹುಲಿ ಗರ್ಜಿಸಿತು, ಅಮ್ಮ ನಡುಗಿದಳು ಎಂದು ಬರೆದು ಗಟ್ಟಿಯಾಗಿ ಓದಿದ. ಪಕ್ಕದವಳು ಎದ್ದು ನಿಂತಳು. “ಟೀಚರ್, ಕರು ದೊಡ್ಡಿಯಲ್ಲಿತ್ತಲ್ಲ, ಅದಕ್ಕೆ ಹುಲಿ ಕಂಡದ್ದು ಹೇಗೆ?” ತರಗತಿಯಿಡೀ ಅವನತ್ತ ತಿರುಗಿತು. ಅವನು ಪೆನ್ಸಿಲ್ ಕಚ್ಚುತ್ತಾ ಕುಳಿತು, ಎರಡೂ ಸಾಲು ಹೊಡೆದುಹಾಕಿ, ಹೊತ್ತು ಮುಳುಗಿದರೂ ಅಮ್ಮ ಬಾರದ ಸಂಜೆಯನ್ನು ಬರೆದ. ‘ಅವಳು’ ಇದ್ದಲ್ಲಿ ‘ನಾನು’ ಎಂದು ತಿದ್ದಿದರೆ ಮಾತನಾಡುವವರು ಬದಲಾಗುವುದಿಲ್ಲ ಎಂದು ನಾನು ಎಷ್ಟು ವಿವರಿಸಿದ್ದರೂ ಆ ಹುಡುಗಿಯ ಪ್ರಶ್ನೆಗೆ ಸಮವಾಗುತ್ತಿರಲಿಲ್ಲ.

ಗೊಲ್ಲನ ಪಾತ್ರ ಸಾಮಾನ್ಯವಾಗಿ ಯಾರಿಗೂ ಬೇಡ. ಅದನ್ನು ಕೇಳಿ ಪಡೆದವಳು ಕುರಿ ಸಾಕುವ ಮನೆಯ ಹುಡುಗಿ. ಅವಳು ಬರೆದದ್ದು ಇಷ್ಟು:

ಎಣಿಸಿ ನೋಡಿದೆ ಒಂದು ಕಡಿಮೆ
ಮತ್ತೆ ಎಣಿಸಿದೆ ಒಂದು ಕಡಿಮೆ
ದೊಡ್ಡಿ ಬಾಗಿಲು ಹಾಕಲಾರೆ
ದಾರಿ ನೋಡುತ ನಿಂತೆನು

ಹುಲಿಯ ಸುಳಿವೇ ಇಲ್ಲ. ಇರಲೂ ಕೂಡದು, ಗೊಲ್ಲನಿಗೆ ಕಾಡಿನ ಸುದ್ದಿ ಗೊತ್ತಿಲ್ಲ. ಸಂಜೆ ಕುರಿಗಳನ್ನು ಎಣಿಸಿ ಒಳಗೆ ಹಾಕುವ ಮನೆಯಲ್ಲಿ ಬೆಳೆದವಳಿಗೆ ಒಂದು ಕಡಿಮೆಯಾದರೆ ಎದೆ ಏನಾಗುತ್ತದೆ ಎಂಬುದು ತಿಳಿದಿತ್ತು. ಎರಡನೆಯ ಸಾಲಿನಲ್ಲಿ ಅದೇ ಮಾತನ್ನು ಮತ್ತೆ ಹೇಳುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಆ ಪದ್ಯವನ್ನು ಇಡೀ ಶಾಲೆಗೆ ಓದಿಸಿದೆ. ಮಕ್ಕಳ ಬರವಣಿಗೆಯಲ್ಲಿ ನಾನು ಹುಡುಕುವುದು ಇದನ್ನೇ: ಅವರ ಮನೆಯ ತಿಳಿವಳಿಕೆ ಹಳೆಯ ಕಥೆಯೊಳಗೆ ಹೊಕ್ಕುಬಿಡಬೇಕು.

ಹುಲಿಯ ಪಾತ್ರವನ್ನು ಕೊನೆಗೆ ಕೊಡುತ್ತೇನೆ, ಏಕೆಂದರೆ ಅದು ಎಲ್ಲಕ್ಕಿಂತ ಕಷ್ಟ. ಕಥೆಯ ಕೊನೆ ಗೊತ್ತಿರುವುದರಿಂದ ಮಕ್ಕಳ ಹುಲಿ ಮೊದಲ ಸಾಲಿನಲ್ಲೇ ಪಶ್ಚಾತ್ತಾಪಪಡುತ್ತದೆ. ಹಸು ಎದುರಾದ ಗಳಿಗೆಯಲ್ಲಿ ಹುಲಿಗೆ ಗೊತ್ತಿದ್ದದ್ದು ಹಸಿವೊಂದೇ. ಹಸು ಮಾತು ಉಳಿಸಿಕೊಂಡು ಬರುತ್ತದೆ ಎಂಬುದು ಅದಕ್ಕೆ ಇನ್ನೂ ತಿಳಿದಿಲ್ಲ. ಎಲ್ಲಿ ನಿಂತಿದ್ದಾರೆ ಎಂಬುದರ ಜೊತೆಗೆ ಯಾವ ಹೊತ್ತಿನಲ್ಲಿ ನಿಂತಿದ್ದಾರೆ ಎಂದೂ ಕೇಳಬೇಕು. ಇದು ಐದನೇ ತರಗತಿಯವರಿಗೆ ಹಿಡಿಸುತ್ತದೆ. ನಾಲ್ಕನೆಯವರನ್ನು ಇದಕ್ಕೆ ಎಳೆಯುವುದಿಲ್ಲ.

ಆಮೇಲೆ ಕೋಟೆಗೆ ಕರೆದುಕೊಂಡು ಹೋಗುತ್ತೇನೆ. ಈ ಪಾಠಕ್ಕೆ ಓಬವ್ವನ ಕಿಂಡಿಗಿಂತ ಒಳ್ಳೆಯ ಜಾಗ ನಮ್ಮ ಜಿಲ್ಲೆಯಲ್ಲಿ ನನಗೆ ಕಂಡಿಲ್ಲ. ಅರ್ಧ ಮಕ್ಕಳು ಒಳಗೆ, ಅರ್ಧ ಹೊರಗೆ. ಹೊರಗೆ ಸಾಲಾಗಿ ನಿಂತವರು ಹೈದರಾಲಿಯ ಸೈನಿಕರು. ಬಂಡೆಗಳ ನಡುವೆ ಒಬ್ಬೊಬ್ಬರೇ ನುಸುಳಬೇಕು, ಹಿಂದಿನವನಿಗೆ ಕಾಣುವುದು ಮುಂದಿನವನ ಬೆನ್ನು ಮಾತ್ರ. “ಮುಂದೆ ಹೋದವನಿಗೆ ಏನಾಯಿತು?” ಎಂದು ಕೇಳಿದರೆ “ಗೊತ್ತಿಲ್ಲ ಟೀಚರ್” ಎನ್ನುತ್ತಾರೆ. ಅದನ್ನೇ ಬರೆಯಿರಿ ಎನ್ನುತ್ತೇನೆ. ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತು, ಆದರೆ ಈ ಸಾಲಿನಲ್ಲಿ ನಿಂತವನಿಗೆ ಅದೂ ಗೊತ್ತಿಲ್ಲ.

ಕಳೆದ ಸಲ ಕಿಂಡಿಯ ಬಳಿ ಒಬ್ಬ ಹುಡುಗ, ಒನಕೆ ಹಿಡಿದಾಗ ಓಬವ್ವ ಒಬ್ಬಳೇ ಇದ್ದಳಲ್ಲ, ಇದನ್ನೆಲ್ಲ ಹೇಳಿದವರು ಯಾರು ಎಂದು ಕೇಳಿದ. ಊಟ ಮುಗಿಸಿ ಬಂದ ಗಂಡ ಎಂದು ಒಬ್ಬಳು ಉತ್ತರಿಸಿದಳು. ಹಾಗಾದರೆ ಅವನ ಪದ್ಯದಲ್ಲಿ ಯುದ್ಧ ಬರುವಂತಿಲ್ಲ, ನೀರಿಗೆ ಹೋದವಳು ಇನ್ನೂ ಬಂದಿಲ್ಲ ಎಂದೇ ಶುರುವಾಗಬೇಕು ಎಂದು ಅವರವರೇ ತೀರ್ಮಾನಿಸಿ, ಬಂಡೆಯ ನೆರಳಲ್ಲಿ ಬರೆಯಲು ಕುಳಿತರು.