ಕಾರ್ನೆಟ್ ಕೈಗೆ ಕೊಡುವ ಮುನ್ನ: ಪ್ರಾಥಮಿಕ ಶಾಲೆಯ ಮಕ್ಕಳಿಗೆ ಹಿತ್ತಾಳೆ ವಾದ್ಯ

ಶಾಲೆಗಳಿಂದ ನನಗೆ ಕರೆ ಬರುವುದು ಸಾಮಾನ್ಯವಾಗಿ ಜುಲೈ ತಿಂಗಳಲ್ಲಿ. ‘ಆಗಸ್ಟ್ 15ಕ್ಕೆ ಮಕ್ಕಳ ಬ್ಯಾಂಡ್ ಸಿದ್ಧವಾಗಬೇಕು, ವಾದ್ಯಗಳೆಲ್ಲ ಬಂದಾಗಿದೆ’ ಎನ್ನುತ್ತಾರೆ. ಹೋಗಿ ನೋಡಿದರೆ ದೊಡ್ಡವರು ನುಡಿಸುವ ಟ್ರಂಪೆಟ್‌ಗಳು, ಜೊತೆಗೆ ನಾಲ್ಕನೇ ತರಗತಿಯ ಹುಡುಗನ ಹೆಗಲಿಗೆ ಏರಿಸಿದರೆ ಅವನೇ ಕಾಣದಂತಾಗುವ ಒಂದು ಸೂಸಫೋನ್. ಆರು ವಾರದಲ್ಲಿ ಹಿತ್ತಾಳೆ ವಾದ್ಯ ಕಲಿಸಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ಕೊಡುವ ಉತ್ತರ ಯಾವಾಗಲೂ ಒಂದೇ: ಈ ವರ್ಷ ಮಕ್ಕಳು ಡ್ರಮ್ ಬಾರಿಸಲಿ, ಹಿತ್ತಾಳೆ ಬರುವ ವರ್ಷಕ್ಕೆ.

ಮೈಸೂರಿನ ಬ್ಯಾಂಡಿನಲ್ಲಿ ಕಾರ್ನೆಟ್ (ಟ್ರಂಪೆಟ್ಟಿನಂಥದೇ ಹಿತ್ತಾಳೆ ವಾದ್ಯ) ನುಡಿಸುತ್ತಲೇ ಸೇವೆ ಮುಗಿಸಿದವನು ನಾನು. ಈಗ ಶನಿವಾರದ ಬೆಳಗಿನ ಶಾಲೆಯಲ್ಲಿ, ಸಾಮೂಹಿಕ ಕವಾಯತು ಮುಗಿದ ಮೇಲೆ, ಮೂರರಿಂದ ಐದನೇ ತರಗತಿಯ ಮಕ್ಕಳಿಗೆ ಪಾಠ ಹೇಳುತ್ತೇನೆ. ಇದನ್ನು ಬರೆಯುತ್ತಿರುವುದು ಶಾಲೆಗಳ ಸಂಗೀತ ಶಿಕ್ಷಕರಿಗಾಗಿ. ಅವರಲ್ಲಿ ಹೆಚ್ಚಿನವರು ಹಾಡುಗಾರಿಕೆ ಕಲಿತವರು; ಹಿತ್ತಾಳೆ ಎಂದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಸರಿಯಬೇಕಾಗಿಲ್ಲ. ಮೊದಲ ಕೆಲವು ತಿಂಗಳಿಗೆ ಬೇಕಾಗುವುದು ಶ್ರುತಿ ತಿಳಿದ ಕಿವಿ, ಅದು ನಿಮಗೆ ಇದ್ದೇ ಇದೆ.

ಮೊದಲ ದಿನದ ಪಾಠದಲ್ಲಿ ಮಕ್ಕಳಿಗೆ ಏನನ್ನೂ ವಿವರಿಸಬೇಡಿ. ಬಾಗಿಲ ಹೊರಗೆ ನಿಂತು ಯಾರಾದರೂ ಬ್ಯೂಗಲ್ ಊದಲಿ. ನಿಮಗೆ ಬರದಿದ್ದರೆ ಊರಿನ ಮದುವೆ ಬ್ಯಾಂಡಿನವರೊಬ್ಬರನ್ನು ಕರೆಸಿ, ಅವರಿಗೂ ಸಂತೋಷವಾಗುತ್ತದೆ. ಇದು ಏನು ಎಂದು ಕೇಳಿದರೆ ಮಕ್ಕಳು ಗಣಪತಿ ಮೆರವಣಿಗೆ, ಮದುವೆ, ದಸರಾ ಎಲ್ಲವನ್ನೂ ಹೇಳುತ್ತಾರೆ. ಆಮೇಲೆ ಒಂದು ಕೊಂಬನ್ನೋ ಕಹಳೆಯನ್ನೋ ತೋರಿಸಿ. ಸಿಗದಿದ್ದರೆ ಚಿತ್ರ ಸಾಕು. ರಾಮನಗರದ ಜಾನಪದ ಲೋಕಕ್ಕೆ ಪ್ರವಾಸ ಹೋದರೆ ಕಣ್ಣಾರೆ ನೋಡಬಹುದು. ಕೊಂಬಿಗೆ ರಂಧ್ರವಿಲ್ಲ, ಗುಂಡಿಯಿಲ್ಲ, ನಾಗಸ್ವರದ ಹಾಗೆ ಊದಿದರೆ ಕಂಪಿಸುವ ಜೀವಾಳಿಯೂ ಇಲ್ಲ. ಹಾಗಾದರೆ ಸದ್ದು ಎಲ್ಲಿಂದ ಹುಟ್ಟುತ್ತದೆ? ಈ ಪ್ರಶ್ನೆಯನ್ನು ಕೇಳಿ ತರಗತಿ ಮುಗಿಸಿ. ಮುಂದಿನ ವಾರದವರೆಗೆ ಅದು ಅವರ ತಲೆಯಲ್ಲಿ ಓಡುತ್ತಿರಲಿ.

ಮುಂದಿನ ವಾರ ಮೊದಲು ನೋಡಬೇಕಾದದ್ದು ಹಲ್ಲು. ಮೇಲಿನ ಮುಂಭಾಗದ ಎರಡು ಹಾಲುಹಲ್ಲುಗಳು ಆರು–ಏಳನೇ ವಯಸ್ಸಿಗೆ ಬೀಳುತ್ತವೆ, ಎಂಟರ ಸುಮಾರಿಗೆ ಹೊಸವು ಬರುತ್ತವೆ, ಪಕ್ಕದವು ಇನ್ನೂ ಒಂದು ವರ್ಷ ತಡ. ತುಟಿಗಿಟ್ಟು ಊದುವ ಬಿಡಿಭಾಗವಾದ ಮೌತ್‌ಪೀಸಿನ ಅಂಚು ತುಟಿಯ ಹಿಂದಿರುವ ಈ ಹಲ್ಲುಗಳ ಮೇಲೆಯೇ ಕೂರುವುದು. ಹಲ್ಲು ಅಲುಗಾಡುತ್ತಿರುವ ಮಗುವಿಗೆ ಲೋಹದ ಮೌತ್‌ಪೀಸ್ ಕೊಡಬೇಡಿ. ತುಟಿಯ ಆಟ, ಉಸಿರಿನ ಆಟ ಎಲ್ಲದರಲ್ಲೂ ಅವನು ಇರಲಿ, ವಾದ್ಯದ ಸರದಿ ಬಂದಾಗ ತಾಳ ಹಾಕಲಿ. ಎರಡನೇ ತರಗತಿಯಿಂದಲೇ ಶುರು ಮಾಡಿ ಎಂದು ಒತ್ತಾಯಿಸುವ ಆಡಳಿತ ಮಂಡಳಿಗಳಿಗೆ ನಾನು ಕೊಡುವ ಕಾರಣವೂ ಇದೇ.

ಇನ್ನು ತುಟಿ. ಹಳ್ಳಿಯಲ್ಲಿ ಟೈರು ಓಡಿಸಿದ, ಪಟ್ಟಣದಲ್ಲಿ ಊಟದ ತಟ್ಟೆಯನ್ನೇ ಸ್ಟಿಯರಿಂಗ್ ಮಾಡಿಕೊಂಡು ಬಸ್ ಬಿಟ್ಟ ಪ್ರತಿ ಮಗುವೂ ತುಟಿಯಲ್ಲಿ ‘ಭುರ್ರ್’ ಎಂದು ಸದ್ದು ಮಾಡಿಯೇ ಇರುತ್ತದೆ. ಅಲ್ಲಿಂದಲೇ ಶುರು ಮಾಡಿ. ಮೂವತ್ತೈದು ಮಕ್ಕಳೂ ಒಟ್ಟಿಗೆ ಬಸ್ ಹೊರಡಿಸಲಿ, ಗೇರ್ ಬದಲಿಸಲಿ, ಘಾಟಿ ಹತ್ತಲಿ. ಘಾಟಿ ಹತ್ತುವಾಗ ಸದ್ದು ಮೇಲಕ್ಕೇರಬೇಕು, ಅಷ್ಟೇ ನಿಯಮ. ನಗು ಮುಗಿದ ಮೇಲೆ ಒಂದು ವ್ಯತ್ಯಾಸ ತೋರಿಸಿ. ಬಸ್ಸಿನ ಸದ್ದಿನಲ್ಲಿ ತುಟಿ ಸಡಿಲವಾಗಿ ಇಡೀ ಅಲುಗುತ್ತದೆ. ವಾದ್ಯಕ್ಕೆ ಬೇಕಾದ ಸದ್ದಿನಲ್ಲಿ ನಡುಭಾಗ ಮಾತ್ರ ಕಂಪಿಸಬೇಕು. ‘ಮ್’ ಎಂದು ಬಾಯಿ ಮುಚ್ಚಿಸಿ, ತುಟಿಯ ಎರಡೂ ಕೊನೆಗಳನ್ನು ಗಟ್ಟಿ ಮಾಡಿಸಿ, ಆ ಸ್ಥಿತಿಯಲ್ಲೇ ನಡುವಿನಿಂದ ಗಾಳಿಯನ್ನು ಹೊರಗೆ ತಳ್ಳಲು ಹೇಳಿ. ದುಂಬಿಯಂಥ ಸಣ್ಣ ಝೇಂಕಾರ ಬರುತ್ತದೆ. ಕೆಲವರಿಗೆ ಥಟ್ಟನೆ ಬರುತ್ತದೆ, ಕೆಲವರಿಗೆ ಎರಡು–ಮೂರು ವಾರ ಬೇಕು. ತಡವಾಗಿ ಬಂದವರೇ ಮುಂದೆ ಚೆನ್ನಾಗಿ ನುಡಿಸುವುದನ್ನು ಬೇಕಾದಷ್ಟು ನೋಡಿದ್ದೇನೆ. ಈ ಹಂತದಲ್ಲಿ ಯಾರನ್ನೂ ಆರಿಸಬೇಡಿ, ಯಾರನ್ನೂ ಕೈಬಿಡಬೇಡಿ. ಕೆನ್ನೆ ಉಬ್ಬಿಸುವುದನ್ನು ಮಾತ್ರ ಮೊದಲ ದಿನವೇ ತಡೆಯಿರಿ. ಮಗುವಿನ ಹೆಬ್ಬೆರಳು, ತೋರುಬೆರಳನ್ನು ಅದರದೇ ಕೆನ್ನೆಗಳ ಮೇಲೆ ಇಡಿಸಿದರೆ ಸಾಕು, ಕೆನ್ನೆ ಉಬ್ಬಿದ್ದು ಅದಕ್ಕೇ ಗೊತ್ತಾಗುತ್ತದೆ.

ಉಸಿರಿಗೆ ಒಂದು ಆಟ. ಅಂಗೈಯಗಲದ ದಿನಪತ್ರಿಕೆಯ ತುಂಡನ್ನು ಗೋಡೆಗೆ ಒತ್ತಿ ಹಿಡಿದು, ಗೇಣು ದೂರದಿಂದ ಊದುತ್ತ ಕೈ ಬಿಡಬೇಕು. ಕಾಗದ ಬೀಳಬಾರದು. ಬಿರುಸಾಗಿ ಊದಿದವರ ಕಾಗದ ಮೊದಲು ಬೀಳುತ್ತದೆ, ಒಂದೇ ಸಮನೆ ಊದಿದವರದು ನಿಲ್ಲುತ್ತದೆ. ಮೂರು ಸಲ ಮಾಡಿಸಿ ಕೂರಿಸಿ. ಹೆಚ್ಚು ಮಾಡಿಸಿದರೆ ತಲೆ ಸುತ್ತುತ್ತದೆ. ಉಬ್ಬಸವಿರುವ ಮಕ್ಕಳ ವಿಷಯವನ್ನು ಪೋಷಕರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಬಿಸಿಯೂಟದ ನಂತರದ ಅವಧಿ ಕೊಟ್ಟರೆ ಬೇಡ ಎನ್ನಿ. ಹೊಟ್ಟೆ ತುಂಬಿದ ಮಗು ಪೂರ್ತಿ ಉಸಿರು ತೆಗೆದುಕೊಳ್ಳುವುದಿಲ್ಲ, ಅನ್ನದ ಅಗುಳು ಕೊಳವೆಗೆ ಹೋಗುವುದು ಬೇರೆ.

ಮೌತ್‌ಪೀಸಿನ ಹೊತ್ತಿಗೆ ನಮ್ಮಲ್ಲಿ ಮಾತ್ರ ಬರುವ ಒಂದು ತೊಡಕು ಇದೆ: ಎಂಜಲು. ಇನ್ನೊಬ್ಬರ ಬಾಯಿಗಿಟ್ಟದ್ದನ್ನು ನಮ್ಮ ಮಗು ಬಾಯಿಗಿಡುವುದೇ ಎಂದು ತಾಯಂದಿರು ಕೇಳುತ್ತಾರೆ. ಕೇಳುವುದು ಸರಿಯೂ ಹೌದು. ಹತ್ತು ಮಕ್ಕಳಿಗೆ ಎರಡು ಕಾರ್ನೆಟ್ ಇದ್ದರೂ ನಡೆಯುತ್ತದೆ, ಮೌತ್‌ಪೀಸ್ ಮಾತ್ರ ಪ್ರತಿ ಮಗುವಿಗೂ ಸ್ವಂತದ್ದೇ ಇರಬೇಕು. ಪ್ಲಾಸ್ಟಿಕ್‌ನದು ಅಗ್ಗ, ಹಗುರ, ಚಳಿಯಲ್ಲಿ ತುಟಿಗೆ ತಣ್ಣಗೂ ತಾಗುವುದಿಲ್ಲ. ಹಳೆಯ ಬ್ಯಾಂಡುಗಳಿಂದ ಬಂದ, ಬೆಳ್ಳಿಯ ಲೇಪನ ಕಿತ್ತು ಹಳದಿ ಕಾಣುತ್ತಿರುವ ಮೌತ್‌ಪೀಸನ್ನು ಮಕ್ಕಳ ತುಟಿಗೆ ತಾಗಿಸಬೇಡಿ. ಪ್ರತಿಯೊಬ್ಬರೂ ಹೆಸರು ಬರೆದ ಬಟ್ಟೆಯ ಚೀಲದಲ್ಲಿ ತಮ್ಮದನ್ನು ಮನೆಗೆ ಒಯ್ಯಲಿ, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ವಾರಕ್ಕೊಮ್ಮೆ ತೊಳೆದು ತರಲಿ. ಅಂದ ಹಾಗೆ, ವಾದ್ಯದಿಂದ ತೊಟ್ಟಿಕ್ಕುವ ನೀರೆಲ್ಲ ಎಂಜಲಲ್ಲ. ಉಸಿರಿನ ತೇವ ತಣ್ಣಗಿನ ಲೋಹಕ್ಕೆ ತಾಗಿ ನೀರಾಗುವುದೇ ಹೆಚ್ಚು. ಇದನ್ನು ಪೋಷಕರ ಸಭೆಯಲ್ಲಿ ಹೇಳಿ, ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ.

ಅದೇ ಸಭೆಯಲ್ಲಿ ‘ನಮ್ಮ ಹುಡುಗಿಗೆ ಇದೆಲ್ಲ ಏಕೆ, ವೀಣೆ ಹೇಳಿಕೊಡಿ’ ಎನ್ನುವವರೂ ಇರುತ್ತಾರೆ. ವಾದಕ್ಕೆ ಇಳಿಯಬೇಡಿ. ಹುಡುಗಿಯ ಕೈಗೇ ಮೌತ್‌ಪೀಸ್ ಕೊಟ್ಟು ಒಂದು ‘ಸ’ ನುಡಿಸಲು ಹೇಳಿ.

ಮೌತ್‌ಪೀಸ್ ಬಂದ ಮೇಲೆ ಕಾರ್ನೆಟ್ ಬೇಡ, ತೋಟಕ್ಕೆ ನೀರು ಬಿಡುವ ಅರ್ಧ ಇಂಚಿನ ಪೈಪು ತನ್ನಿ. ಬಿ ಫ್ಲ್ಯಾಟ್ ಟ್ರಂಪೆಟ್ಟಿನ ಕೊಳವೆಯನ್ನು ಬಿಡಿಸಿ ಹಾಸಿದರೆ ಉದ್ದ ಸುಮಾರು 1.48 ಮೀಟರ್, ಕಾರ್ನೆಟ್ಟಿನದೂ ಅಷ್ಟೇ. ಪೈಪನ್ನು ಅಷ್ಟುದ್ದ ಕತ್ತರಿಸಿ, ಒಂದು ತುದಿಗೆ ಸೀಮೆಎಣ್ಣೆ ಸುರಿಯುವಂಥ ಆಲಿಕೆ ಸಿಕ್ಕಿಸಿ, ಇನ್ನೊಂದು ತುದಿಗೆ ಮೌತ್‌ಪೀಸಿನ ಬುಡಕ್ಕೆ ಟೇಪ್ ಸುತ್ತಿ ಬಿಗಿಯಾಗಿ ಕೂರಿಸಿ. ಶ್ರುತಿಪೆಟ್ಟಿಗೆಯನ್ನು ಆರೂವರೆ ಮನೆಗೆ ಇಡಿ, ಬಿ ಫ್ಲ್ಯಾಟ್ ಎಂದರೆ ಅದೇ. ಪೈಪಿನ ಸದ್ದು ಅದಕ್ಕೆ ಹೊಂದುವವರೆಗೆ ಇಷ್ಟಿಷ್ಟೇ ಕತ್ತರಿಸುತ್ತ ಬನ್ನಿ. ಮಕ್ಕಳೆದುರಿಗೇ ಕತ್ತರಿಸಿ, ಕೊಳವೆ ಗಿಡ್ಡವಾದಂತೆ ಶ್ರುತಿ ಏರುವುದನ್ನು ಅವರು ಆಗ ಕಂಡಷ್ಟು ಚೆನ್ನಾಗಿ ಯಾವ ವಿಜ್ಞಾನದ ಪಾಠದಲ್ಲೂ ಕಾಣಲಾರರು. ಅದೇ ಪೈಪಿನಲ್ಲಿ ತುಟಿಯನ್ನು ತುಸು ಬಿಗಿ ಮಾಡಿದರೆ ಸ್ವರ ಒಮ್ಮೆಲೇ ಮೇಲಕ್ಕೆ ಹಾರುತ್ತದೆ. ನಡುವೆ ಬೇರೆ ಸ್ವರವೇ ಇಲ್ಲ! ಮಕ್ಕಳು ಬೆಚ್ಚುತ್ತಾರೆ. ಪೈಪಿನಲ್ಲಿ ಶ್ರುತಿ ಅಲ್ಲಲ್ಲಿ ತಪ್ಪುತ್ತದೆ, ತಪ್ಪಲಿ ಬಿಡಿ.

ಆ ಹಾರುವ ಸ್ವರಗಳೇ ಬ್ಯೂಗಲ್‌ನ ಸ್ವರಗಳು. ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಮಕ್ಕಳು ಕೇಳಿರುವ ಬ್ಯೂಗಲ್ ಕರೆಗಳೆಲ್ಲ ಐದೇ ಸ್ವರಗಳಲ್ಲಿ ಇವೆ: ಸ, ಪ, ಮೇಲಿನ ಸ, ಅದರ ಮೇಲಿನ ಗ, ಪ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕೆಳಗಿನ ಸ ಮತ್ತು ಪ ಸಾಕು, ಮೇಲಿನ ಸ ಬಂದರೆ ಲಾಭ. ಕೆಲವು ಮಕ್ಕಳಿಗೆ ಮೊದಲು ಸ ಬರುತ್ತದೆ, ಕೆಲವರಿಗೆ ಪ. ಯಾವುದು ಬಂದರೆ ಅದರಲ್ಲೇ ಬಿಡಿ. ಒಟ್ಟಿಗೆ ನುಡಿಸಿದರೆ ಸ–ಪ ಹೊಂದಿಯೇ ಹೊಂದುತ್ತದೆ, ತಂಬೂರಿ ಮೀಟಿದವರಿಗೆ ಇದನ್ನು ಹೇಳಬೇಕಾಗಿಲ್ಲ. ನುಡಿಸುವ ಮೊದಲು ಹಾಡಿಸಿ. ಗಂಟಲಿನಲ್ಲಿ ನಿಲ್ಲದ ಸ್ವರ ತುಟಿಯಲ್ಲಿ ನಿಲ್ಲುವುದಿಲ್ಲ. ಹಾಡುಗಾರರಾದ ನೀವು ನನ್ನಂಥ ಬ್ಯಾಂಡಿನವನಿಗಿಂತ ಮುಂದಿರುವುದು ಇಲ್ಲಿಯೇ.

ಸ್ವರವನ್ನು ನಾಲಿಗೆಯಿಂದ ಶುರು ಮಾಡಿಸುವಾಗ ‘ತು’ ಎನ್ನಿಸಿ, ‘ಟು’ ಅಲ್ಲ. ‘ಟ’ಕ್ಕೆ ನಾಲಿಗೆ ಮೇಲಕ್ಕೆ ಮಡಚಿಕೊಳ್ಳುತ್ತದೆ, ಸ್ವರ ದಪ್ಪಗೆ, ತಡವಾಗಿ ಹೊರಡುತ್ತದೆ. ‘ತು’ ಎಂದರೆ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದಕ್ಕೆ ತಾನಾಗಿ ಹೋಗುತ್ತದೆ. ಮೃದುವಾಗಿ ಬೇಕಾದಲ್ಲಿ ‘ದು’. ಆದಿತಾಳದಲ್ಲಿ ‘ತು–ತು–ತೂ’ ಎಂದು ಒಬ್ಬರು ಊದುವುದು, ಉಳಿದವರು ಹಾಗೆಯೇ ಮರುನುಡಿಯುವುದು. ಹತ್ತು ನಿಮಿಷ ಹೋದದ್ದೇ ತಿಳಿಯುವುದಿಲ್ಲ.

ಇಷ್ಟಾದ ಮೇಲೆ, ಅಂದರೆ ಹೆಚ್ಚುಕಡಿಮೆ ದಸರಾ ರಜೆಯ ನಂತರ, ವಾದ್ಯ ಕೊಡಿ. ಟ್ರಂಪೆಟ್‌ಗಿಂತ ಕಾರ್ನೆಟ್ ಮೇಲು. ಉದ್ದ ಒಂದೇ ಆದರೂ ಕಾರ್ನೆಟ್ಟಿನ ಸುರುಳಿ ಒತ್ತಾಗಿದೆ, ಭಾರ ಮೈಗೆ ಹತ್ತಿರವಿರುತ್ತದೆ, ಪುಟ್ಟ ಕೈಗಳು ಬೇಗ ಸೋಲುವುದಿಲ್ಲ. ಟ್ರಾಂಬೋನಿನ ಸ್ಲೈಡನ್ನು, ಅಂದರೆ ಹಿಂದೆಮುಂದೆ ಜಾರುವ ಕೊಳವೆಯನ್ನು, ಕೊನೆಯವರೆಗೆ ಚಾಚಲು ಐದನೇ ತರಗತಿಯವರ ತೋಳು ಸಾಲದು. ಆಸೆಪಟ್ಟ ಮಗುವಿಗೆ ಪ್ಲಾಸ್ಟಿಕ್‌ನದು ಕೊಡಬಹುದು. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಇಡೀ ತರಗತಿಗೆ ಒಟ್ಟಿಗೆ ಹಿತ್ತಾಳೆ ಕಲಿಸುವಲ್ಲಿ ಬಳಸುವ ಪಿಬೋನ್ ಎಂಬ ಪ್ಲಾಸ್ಟಿಕ್ ಟ್ರಾಂಬೋನ್ ಸುಮಾರು 800 ಗ್ರಾಂ ಮಾತ್ರ. ಮೀರತ್‌ನ ಜಾಲಿ ಕೋಠಿಯಲ್ಲಿ ತಯಾರಾಗುವ ಹಿತ್ತಾಳೆಯವು ದೇಶವಿಡೀ ಮದುವೆ ಬ್ಯಾಂಡುಗಳಿಗೆ ಹೋಗುತ್ತವೆ, ಶಾಲೆಗೂ ಆದೀತು. ಆದರೆ ಕೊಳ್ಳುವ ಮುಂಚೆ ಮೂರೂ ವಾಲ್ವ್‌ಗಳನ್ನು, ಅಂದರೆ ಸ್ವರ ಬದಲಿಸುವ ಗುಂಡಿಗಳನ್ನು, ಒತ್ತಿ ಬಿಡಿ. ಮೇಲಕ್ಕೆ ಪುಟಿಯದೆ ಒಂದು ಕ್ಷಣ ತಡೆದರೂ ಅದನ್ನು ಪಕ್ಕಕ್ಕಿಡಿ.

ವಾಲ್ವ್‌ಗಳ ಲೆಕ್ಕ ಸರಳ. ನಡುವಿನದು ಅರ್ಧ ಸ್ವರ ಇಳಿಸುತ್ತದೆ, ಮೊದಲನೆಯದು ಒಂದು, ಮೂರನೆಯದು ಒಂದೂವರೆ. ಏನನ್ನೂ ಒತ್ತದೆ ಸ. ಒಂದು ಮತ್ತು ಮೂರು ಒತ್ತಿದರೆ ರಿ. ಒಂದು ಮತ್ತು ಎರಡು ಒತ್ತಿದರೆ ಗ. ಒಂದು ಮಾತ್ರ ಒತ್ತಿದರೆ ಮ. ಮತ್ತೆ ಏನನ್ನೂ ಒತ್ತದೆ ಪ. ಇದು ಶಂಕರಾಭರಣ ರಾಗದ ಪೂರ್ವಾರ್ಧ. ಸಂಗೀತದ ಮೊದಲ ಪಾಠವಾದ ಸರಳೆ ವರಸೆಯನ್ನು ಮಾಯಾಮಾಳವಗೌಳ ರಾಗದಲ್ಲೇ ಶುರು ಮಾಡಬೇಕೆಂಬ ಅಭ್ಯಾಸಬಲವನ್ನು ಇಲ್ಲಿ ಬಿಟ್ಟುಬಿಡಿ. ಅದರ ಶುದ್ಧ ರಿಷಭಕ್ಕೆ ಮೂರೂ ವಾಲ್ವ್ ಒತ್ತಬೇಕು, ಮಗುವಿಗೆ ಕಷ್ಟ, ಸಾಲದ್ದಕ್ಕೆ ಆ ಸ್ವರ ಶ್ರುತಿಗಿಂತ ಮೇಲೆ ನಿಲ್ಲುತ್ತದೆ. ಐದು ಸ್ವರಗಳು ಒಂದು ವರ್ಷಕ್ಕೆ ಧಾರಾಳವಾಯಿತು. ಮುಂದಿನ ವರ್ಷ, ಮೇಲಿನ ಸ ಗಟ್ಟಿಯಾದ ಮೇಲೆ, ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳಿಗೆ ಕೈ ಹಾಕಿ. ಐರೋಪ್ಯ ಬ್ಯಾಂಡಿನ ಮಟ್ಟುಗಳನ್ನು ಕೇಳಿ ಅವರು ಸಂಸ್ಕೃತ ಸಾಹಿತ್ಯ ಹೊಂದಿಸಿದ ಶಂಕರಾಭರಣದ ರಚನೆಗಳು ಅವು; ಗಮಕದ ತಂಟೆಯಿಲ್ಲ, ಬ್ಯಾಂಡಿನಿಂದ ಹೋದದ್ದು ಬ್ಯಾಂಡಿಗೆ ಮರಳಿದಂತೆಯೂ ಆಯಿತು.

ಎಷ್ಟು ಹೊತ್ತು ನುಡಿಸಿದರೋ ಅಷ್ಟು ಹೊತ್ತು ವಿರಾಮ. ಮೇಲಿನ ಸ್ವರ ಬರಲಿಲ್ಲವೆಂದು ಮಗು ವಾದ್ಯವನ್ನು ತುಟಿಗೆ ಅದುಮಲು ಶುರು ಮಾಡಿದರೆ ತುಟಿಯ ಮೇಲೆ ಕೆಂಪು ಉಂಗುರ ಮೂಡುತ್ತದೆ. ಅದು ಕಂಡ ಕೂಡಲೇ ವಾದ್ಯ ಕೆಳಗಿಡಿಸಿ. ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ, ಬರಿಯ ಮೌತ್‌ಪೀಸಿನಲ್ಲಿ. ಶಾಲೆಯಲ್ಲಿ ತಗಡಿನ ಮಾಡಿನ ಕೋಣೆ ಬೇಡವೇ ಬೇಡ. ಹೊಂಗೆ ಮರದ ಕೆಳಗೆ ನಿಲ್ಲಿಸಿ. ಪಕ್ಕದ ಕೋಣೆಯಲ್ಲಿ ಮಗ್ಗಿ ಹೇಳಿಸುತ್ತಿರುವ ಮೇಡಂ ಅವರ ಮುಖವೂ ಆಗ ತುಸು ಸಡಿಲವಾಗುತ್ತದೆ.

ಕಡೆಗೆ ವಾದ್ಯದ ಆರೈಕೆ. ಮೌತ್‌ಪೀಸನ್ನು ಸಿಕ್ಕಿಸಿದ ಮೇಲೆ ಅದರ ಬಾಯಿಗೆ ಅಂಗೈಯಿಂದ ‘ಟಪ್’ ಎಂದು ಹೊಡೆಯುವುದು ಮಕ್ಕಳಿಗೆ ಬಹಳ ಇಷ್ಟ. ಹಾಗೆ ಹೊಡೆದರೆ ಅದು ಕೊಳವೆಯೊಳಗೆ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡರೆ ಇಕ್ಕಳ ಹಾಕಿ ಎಳೆಯಬೇಡಿ, ತೆಳ್ಳನೆಯ ಕೊಳವೆ ತಿರುಚಿಹೋಗುತ್ತದೆ. ರಿಪೇರಿಯವರ ಬಳಿ ಅದಕ್ಕೆಂದೇ ಸಾಧನ ಇರುತ್ತದೆ. ಪ್ರತಿಷ್ಠಿತ ಅತಿಥಿಗಳು ಬರುವ ಮುನ್ನಾದಿನ ಯಾರೋ ಹುಣಸೆಹಣ್ಣು ಹಚ್ಚಿ ಉಜ್ಜಲು ಕೂರುತ್ತಾರೆ, ದೇವರ ದೀಪಕ್ಕೆ ಸರಿ, ಕಾರ್ನೆಟ್ಟಿಗೆ ಬೇಡ. ಒಣ ಮೆದು ಬಟ್ಟೆ ಸಾಕು. ವಾಲ್ವ್‌ಗೆ ವಾಲ್ವ್ ಎಣ್ಣೆಯನ್ನೇ ಹಾಕಿ. ಕೊಬ್ಬರಿ ಎಣ್ಣೆ ಹಾಕಿದ ವಾದ್ಯ ಡಿಸೆಂಬರಿನ ಮೈಸೂರು ಚಳಿಯಲ್ಲಿ ಬೆಳಿಗ್ಗೆ ಎದ್ದೇಳುವುದಿಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಏಪ್ರಿಲ್ ರಜೆಗೆ ಮುಂಚೆ ಎಲ್ಲ ಸ್ಲೈಡುಗಳನ್ನೂ ಹೊರಗೆಳೆದು, ನೀರು ಹಾಯಿಸಿ, ಒಣಗಿಸಿ, ಗ್ರೀಸ್ ಸವರಿ ಪೆಟ್ಟಿಗೆಗೆ ಹಾಕಿ. ಬೀಗದ ಕೈ ಮುಖ್ಯೋಪಾಧ್ಯಾಯರ ಬಳಿ ಇರಲಿ, ಮೌತ್‌ಪೀಸುಗಳು ಮಕ್ಕಳ ಬಳಿ.